ಬೆಂಚಿನ ಕಾಲಡಿಯ ಬೆಣೆ

ಮೇಸ್ತ್ರಿ ಕೂಗಿದರೆ ಗಾಡಿ ರಿಪೇರಿಯ ಶೆಡ್ಡಿನ ಮಾಡಿನ ಮೇಲೆ ಕೂತ ಪಾರಿವಾಳಗಳು ಎದ್ದು ಹೋಗುತ್ತಿದ್ದವು. ಕೂಗದ ದಿನ ಕಡಿಮೆ. ಸುತ್ತಿಗೆ ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಕೋಪ. ಇದ್ದರೆ, ಯಾರೋ ಮುಟ್ಟಿ ಮತ್ತೆ ಅಲ್ಲೇ ಇಟ್ಟಿದ್ದಾರೆ ಅಂತ ಕೋಪ. ಅಷ್ಟಿದ್ದೂ ಆ ಬಾಯನ್ನು ಎಲ್ಲರೂ ಸಹಿಸಿಕೊಂಡಿದ್ದರು, ಅವನ ಕೈಗಾಗಿ. ಬಡಿದ ತಗಡಿನ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಸಾಕು, ಬೇರೆಯವರಿಗೆ ದೀಪ ಹಿಡಿದರೂ ಕಾಣದ ತಗ್ಗು ಅವನಿಗೆ ಸಿಕ್ಕಿಬಿಡುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ, ಇಳಿದಿದ್ದು ಬೇಗ. ಟಿಂಕರಿಂಗ್ ಕೆಲಸದ ಸೋದರಮಾವನ ಹಿಂದೆ ಹೋದವನು ಮತ್ತೆ ಪುಸ್ತಕದ ಕಡೆ ತಿರುಗಿ ನೋಡಲಿಲ್ಲ.

ಮದುವೆ ಆಗಲಿಲ್ಲ. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಹೆಣ್ಣಿನ ಅಪ್ಪನ ಜೊತೆ ಜಗಳ ಮಾಡಿಕೊಂಡು ಬಂದಿದ್ದ. ತಂಗಿಯ ಮನೆಯ ಮಹಡಿಯಲ್ಲಿ ಒಂದು ಕೋಣೆ, ಹೊರಗಿನಿಂದ ಹತ್ತಲು ಒಂದು ಕಬ್ಬಿಣದ ಮೆಟ್ಟಿಲು, ಕೆಳಗೆ ತಂಗಿಯ ಅಡಿಗೆಮನೆಯಲ್ಲಿ ಊಟ. ತಂಗಿಯ ಗಂಡ ಅದೇ ಶೆಡ್ಡಿನಲ್ಲಿ ಡ್ರೈವರ್. ಶೆಡ್ಡಿನಿಂದ ಹೊರಬಿದ್ದ ಪ್ರತಿ ಗಾಡಿಯನ್ನೂ ಮೊದಲು ಓಡಿಸಿ ನೋಡುವವನು ಅವನೇ. ಉದ್ದಕ್ಕೆ ತೆಳ್ಳಗಿದ್ದ, ಮಾತು ಕಡಿಮೆ. ಮದುವೆಯಾದ ದಿನದಿಂದ ಮೇಸ್ತ್ರಿಯನ್ನು ‘ಭಾವ’ ಅಂತಲೇ ಕರೆಯುತ್ತಿದ್ದ. ಶೆಡ್ಡಿನಲ್ಲಿ, ಎಲ್ಲರೂ ಮೇಸ್ತ್ರಿ ಅನ್ನುವ ಜಾಗದಲ್ಲೂ ಸಹ. ಮೇಸ್ತ್ರಿಗೆ ಅದು ಒಳಗೊಳಗೇ ಹಿತವಾಗಿತ್ತು. ಹೇಳಿಕೊಂಡಿರಲಿಲ್ಲ.

ಆ ವರ್ಷ ಶೆಡ್ಡಿನ ಯಜಮಾನರಿಗೆ ಒಂದು ಹುಚ್ಚು ಹತ್ತಿತು. ಇಬ್ಬರು ಕೂರುವ, ನೆಲಕ್ಕೆ ಅಂಟಿದ ಹಾಗಿರುವ ಒಂದು ಸ್ಪೋರ್ಟ್ಸ್ ಕಾರು ತಾವೇ ಕಟ್ಟಿ, ಹಿಂದೆ ವಿಮಾನ ಇಳಿಯುತ್ತಿದ್ದ ಹಳೆ ಪಟ್ಟಿಯಲ್ಲಿ ನಡೆಯುವ ಓಟದಲ್ಲಿ ಓಡಿಸಬೇಕು. ನಕ್ಷೆ ಬರೆಯಲು ಒಬ್ಬ ಹೆಣ್ಣುಮಗಳನ್ನು ಕರೆಸಿದರು. ಶೆಡ್ಡಿನವರು ಅವಳಿಗೆ ನಕ್ಷೆ ಮೇಡಂ ಅಂತ ಹೆಸರಿಟ್ಟರು. ಅವಳು ಗೋಡೆಗೆ ಅಂಟಿಸಿದ ಕಾಗದ ನೋಡಿದ ಕೂಡಲೇ ಮೇಸ್ತ್ರಿಗೆ ಮೈ ಉರಿಯಿತು. ಮುಂಭಾಗವೆಲ್ಲ ಸರಿ. ಹಿಂದೆ ಮಾತ್ರ ಕಾರಿನ ಮಾಡು ನಿಧಾನಕ್ಕೆ, ಬೇಕೋ ಬೇಡವೋ ಅಂತ ಇಳಿದು, ಆಮೇಲೆ ಒಮ್ಮೆಗೇ ಕಡಿದು ಹಾಕಿದಂತೆ ನಿಂತುಬಿಟ್ಟಿತ್ತು.

“ಇದೇನ್ ಮೇಡಂ, ಬಾಲ ಕತ್ತರಿಸಿದ ಕುರಿ ಇದ್ದ ಹಾಗಿದೆ?”

“ಗಾಳಿಗೆ ಚಂದ ಕಾಣಿಸಲ್ಲ ಮೇಸ್ತ್ರಿ. ಅದಕ್ಕೆ ಇಳಿಜಾರು ಒಂದೇ ಗೊತ್ತು,” ಅಂದಳು ಅವಳು. ಅಂಗೈಯನ್ನು ಓರೆಯಾಗಿ ಹಿಡಿದು ತೋರಿಸಿದಳು. “ಹೀಗೆ ಹನ್ನೆರಡು ಡಿಗ್ರಿ ಇಳಿದರೆ ಮೇಲಿಂದ ಬಂದ ಗಾಳಿ ತಗಡಿಗೆ ಅಂಟಿಕೊಂಡೇ ಜಾರಿ ಹೋಗುತ್ತೆ. ಹದಿನೈದು ದಾಟಿತೋ, ಎರಡೂ ಪಕ್ಕದ ಗಾಳಿ ಅಂಚು ಹತ್ತಿ ಒಳಗೆ ನುಗ್ಗಿ ಹಗ್ಗ ಹೊಸೆದ ಹಾಗೆ ಸುರುಳಿ ಸುತ್ತುತ್ತೆ. ಆ ಸುರುಳಿ ಗಾಡೀನ ಹಿಂದಕ್ಕೆ ಎಳೆಯುತ್ತೆ, ಹಿಂದಿನ ಚಕ್ರಾನ ಮೇಲಕ್ಕೂ ಎತ್ತುತ್ತೆ. ಮೂವತ್ತು ದಾಟಿ ಕಡಿದಾಗಿ ಇಳಿಸಿದ್ರೆ ಗಾಳಿ ಕೈಬಿಟ್ಟು ಹೋಗುತ್ತೆ, ಆಗ ಎಳೆತ ಸ್ವಲ್ಪ ಕಡಿಮೆ. ಎಲ್ಲಕ್ಕಿಂತ ಕೆಟ್ಟದ್ದು ಮಧ್ಯದ್ದು.”

“ನಮ್ಮ ಮೇಸ್ತ್ರಿ ಥರಾನೇ ಬಿಡಿ,” ಅಂದ ಬೆಸುಗೆಯವನು. “ಪೂರ್ತಿ ಬೈದ್ರೆ ತಡ್ಕೋಬಹುದು, ಬೈಯದೇ ಇದ್ರೂ ತಡ್ಕೋಬಹುದು. ಬೈಯೋಕೆ ಬಾಯಿ ತೆರೆದು ಸುಮ್ಮನೆ ನಿಂತ್ಕೋತಾರಲ್ಲ, ಆಗ ಪ್ರಾಣ ಹೋಗುತ್ತೆ.”

ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ. “ಹಾಗಾದ್ರೆ ಬಾಲ ಉದ್ದ ಮಾಡಿ, ನಿಧಾನಕ್ಕೆ ಕೆಳಗಿನವರೆಗೂ ಇಳಿಸಿ,” ಅಂದ.

“ಓಟದ ನಿಯಮದಲ್ಲಿ ಉದ್ದ ಇಷ್ಟೇ ಅಂತ ಇದೆ. ಅದಕ್ಕೇ ಕಡಿದಿರೋದು.”

ಎಂಜಿನ್ ನೋಡಿ ಬರಲು ಮೇಡಂ ಬೇರೆ ಊರಿಗೆ ಹೋದಳು. ಹೋಗುವ ಮುಂಚೆ ಪ್ಲೈವುಡ್ಡಿನಲ್ಲಿ ತಾನೇ ಕೊರೆದ ಒಂದು ಅಳತೆ ಹಲಗೆ ಕೊಟ್ಟಳು. ಹಲಗೆಯ ಮೇಲಂಚು ನೇರ, ಕೆಳಂಚು ಓರೆ. ಮಾಡಿನ ಮೇಲಿಟ್ಟು, ಮೇಲಂಚಿಗೆ ಕೂರಿಸಿದ ಮಟ್ಟದ ಕೊಳವೆಯ ಗುಳ್ಳೆ ನಡುವೆ ನಿಂತಾಗ ಕೆಳಂಚು ತಗಡಿಗೆ ಕೂತರೆ ಇಳಿಜಾರು ಸರಿ ಅಂತ ಅರ್ಥ. ಓದು ಬಾರದವನಿಗೂ ತಿಳಿಯುವ ಅಳತೆ.

ಮೇಸ್ತ್ರಿ ಮರದ ಅಚ್ಚಿನ ಮೇಲೆ ತಗಡು ಬಡಿಯಲು ಕೂತ. ಬಡಿದಷ್ಟೂ ಅವನ ಕಣ್ಣಿಗೆ ಆ ಹಿಂಭಾಗ ಗೂನುಬೆನ್ನಿನಂತೆ ಕಂಡಿತು. ಇದು ನಾನು ಬಡಿದ ಗಾಡಿ ಅಂತ ನಾಲ್ಕು ಜನರ ಮುಂದೆ ನಿಲ್ಲುವುದು ಹೇಗೆ? ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಉಜ್ಜುಗೊರಡು ತೆಗೆದುಕೊಂಡು ಅಚ್ಚಿನ ಹಿಂಭಾಗವನ್ನು ಹೆರೆದ. ಸ್ವಲ್ಪ, ಇನ್ನೂ ಸ್ವಲ್ಪ. ಇಳಿಜಾರು ಕಡಿದಾಯಿತು, ಬಾಲ ಕೆಳಗಾಯಿತು, ಕಣ್ಣಿಗೆ ಹಬ್ಬವಾಯಿತು. ಅಂಗೈ ಆಡಿಸಿದರೆ ನೀರಿನ ಹನಿಯ ಬೆನ್ನು ಸವರಿದ ಹಾಗೆ.

ಹಲಗೆ ಮಾತ್ರ ಕೂರಲಿಲ್ಲ. ಗುಳ್ಳೆ ನಡುವೆ ನಿಂತರೆ ಹಿಂದೆ ಬೆರಳುಗಳು ತೂರುವಷ್ಟು ಸಂದು. ತೇವಕ್ಕೆ ಹಲಗೆ ಉಬ್ಬಿರಬೇಕು ಅಂದುಕೊಂಡ. ಉಬ್ಬಿಲ್ಲ ಅಂತ ಅವನಿಗೆ ಗೊತ್ತಿತ್ತು. ಉಬ್ಬಿದ ಪ್ಲೈವುಡ್ಡನ್ನು ಕತ್ತಲಲ್ಲಿ ಮುಟ್ಟಿದರೂ ಹೇಳಬಲ್ಲವನು ಅವನು. ಗರಗಸ ತಂದು ಹಲಗೆಯ ಕೆಳಂಚಿನಿಂದ ಒಂದು ಉದ್ದನೆಯ ಬೆಣೆ ಕೊಯ್ದ. ಒಂದು ತುದಿ ಐದು ಬೆರಳು ಅಗಲ, ಇನ್ನೊಂದು ತುದಿ ಚೂಪು. ಈಗ ಹಲಗೆ ಚೆನ್ನಾಗಿ ಕೂತಿತು. ತನ್ನ ಬೆಂಚಿನ ಒಂದು ಕಾಲು ಬಹಳ ದಿನದಿಂದ ಅಲ್ಲಾಡುತ್ತಿತ್ತು. ಬೆಣೆಯ ಚೂಪು ತುದಿಯನ್ನು ಅದರ ಕೆಳಗೆ ಒದ್ದು ಕೂರಿಸಿದ. ಬೆಂಚೂ ನಿಂತಿತು.

ಮೇಡಂ ಬಂದು ಹಲಗೆ ಇಟ್ಟು ನೋಡಿದಳು. ಸ್ವಲ್ಪ ಹೊತ್ತು ಮಾಡನ್ನು ಓರೆಗಣ್ಣಿನಿಂದ ನೋಡಿದಳು. “ಕಾಗದದಲ್ಲಿ ಇನ್ನೂ ಎತ್ತರ ಅನ್ನಿಸಿತ್ತು.”

“ಕಾಗದದಲ್ಲಿ ಎಲ್ಲಾ ಎತ್ತರವೇ ಮೇಡಂ. ಇದು ತಗಡು.”

ತಾನೇ ಕೊರೆದ ಹಲಗೆ ಹೌದು ಅನ್ನುತ್ತಿರುವಾಗ ಅವಳು ಇನ್ನೇನು ಹೇಳಿಯಾಳು? ನಕ್ಕು ಹಲಗೆಯನ್ನು ಗೋಡೆಗೆ ಒರಗಿಸಿದಳು. ಯಜಮಾನರು ಕಾರಿನ ಸುತ್ತ ಬಂದು ಮೇಸ್ತ್ರಿಯ ಬೆನ್ನು ತಟ್ಟಿದರು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಆ ವಾರವೆಲ್ಲ ಮೇಸ್ತ್ರಿ ಯಾರಿಗೂ ಬೈಯಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಅಂತ ಬೆಸುಗೆಯವನು ವಿಚಾರಿಸಿದ.

ಆದರೆ ಪಟ್ಟಿಯ ಮೇಲೆ ಗಾಡಿ ಓಡಲಿಲ್ಲ. ಓಡಿತು, ಆದರೆ ಯಜಮಾನರ ಹಳೇ ಕಾರಿನಷ್ಟೂ ಓಡಲಿಲ್ಲ. ಎಂಜಿನ್ ಬಿಚ್ಚಿ ನೋಡಿದರು, ಚಕ್ರ ಬದಲಾಯಿಸಿದರು. ಡ್ರೈವರ್ ಇಳಿದು ಬಂದು ಮೆಲ್ಲಗೆ ಹೇಳಿದ: “ಒಂದು ವೇಗ ದಾಟಿದ ಮೇಲೆ ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದ ಹಾಗೆ ಆಗುತ್ತೆ. ಹಿಂದಿನ ಚಕ್ರ ಹಗುರ ಆಗುತ್ತೆ.”

ಹಗ್ಗ ಹೊಸೆದ ಹಾಗೆ ಅಂತ ಮೇಡಂ ಹೇಳಿದ್ದು ಮೇಸ್ತ್ರಿಯ ಕಿವಿಗೆ ಬಂತು. ಎಲ್ಲಿ ಯಾರ ಕಣ್ಣು ಆ ಮಾಡಿನ ಕಡೆ ಹೋದೀತೋ ಅಂತ, ಯೋಚಿಸುವ ಮುಂಚೆಯೇ ಬಾಯಿ ತೆರೆಯಿತು.

“ಹಗುರ ಆಗೋದು ಚಕ್ರ ಅಲ್ಲ ಕಣಯ್ಯಾ, ನಿನ್ನ ಎದೆ! ಪೆಡಲ್ ಪೂರ್ತಿ ಒತ್ತಿದ್ರೆ ತಾನೇ ಗಾಡಿ ಓಡೋದು? ಅರ್ಧಕ್ಕೇ ಕಾಲು ತೆಗೆದ್ರೆ ತಗಡು ಏನು ಮಾಡುತ್ತೆ?”

ಶೆಡ್ಡು ಗೊಳ್ಳೆಂದು ನಕ್ಕಿತು. ಮರುದಿನದಿಂದ ಡ್ರೈವರಿಗೆ ಅರ್ಧಪೆಡಲ್ ಅಂತ ಹೆಸರಾಯಿತು. ಹೆಸರಿಟ್ಟವನಿಗೆ ಹೆಸರನ್ನು ಹಿಂದಕ್ಕೆ ಕರೆಯಲು ಆಗಲಿಲ್ಲ. ಅದು ಶೆಡ್ಡು ದಾಟಿ ಬೀದಿಗೆ ಬಂತು, ಬೀದಿಯಿಂದ ಮನೆಯ ಬಾಗಿಲಿಗೆ ಬಂತು. ಒಂದು ದಿನ ಊಟಕ್ಕೆ ಕೂತಾಗ ತಂಗಿ ಕೇಳಿದಳು: “ಅಣ್ಣಾ, ಅಂಗಡಿಯವನು ನನ್ನನ್ನ ಅರ್ಧಪೆಡಲ್ ಮನೆಯವರು ಅಂದ. ಏನದು?”

ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೇಸ್ತ್ರಿ ಆಗಲಾದರೂ ಸುಮ್ಮನಿರಬಹುದಿತ್ತು. “ನಿನ್ನ ಗಂಡನ್ನ ಕೇಳು. ಭಯ ಇದ್ದವನು ಮನೇಲಿ ಕೂತು ಬಟ್ಟೆ ಮಡಚಬೇಕು,” ಅಂದುಬಿಟ್ಟ. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಬಿಟ್ಟ. ನೀರು ಕುಡಿದು ಎದ್ದ.

ಆಮೇಲೆ ಬೆಳಿಗ್ಗೆ ಮಹಡಿಯ ಕಿಟಕಿಯಿಂದ ಅವನಿಗೆ ಒಂದು ನೋಟ ಕಾಣತೊಡಗಿತು. ಮನೆ ಮುಂದೆ ನಿಲ್ಲಿಸಿದ ಹಳೇ ಗಾಡಿಯಲ್ಲಿ ತಂಗಿಯ ಗಂಡ ಒಬ್ಬನೇ ಕೂತಿರುತ್ತಿದ್ದ. ಎಂಜಿನ್ ಚಾಲೂ ಇಲ್ಲ. ಪೆಡಲ್ ಒತ್ತುತ್ತಿದ್ದ, ಬಗ್ಗಿ ತನ್ನ ಕಾಲನ್ನೇ ನೋಡುತ್ತಿದ್ದ, ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ತನ್ನ ಕಾಲಿನ ಮೇಲೇ ನಂಬಿಕೆ ಹೋದವನ ಹಾಗೆ. ಮೇಸ್ತ್ರಿ ಕಿಟಕಿ ಮುಚ್ಚಿದ. ಸೆಕೆ ಇದ್ದರೂ ಮತ್ತೆ ತೆರೆಯಲಿಲ್ಲ.

ಅತ್ತ ನಕ್ಷೆ ಮೇಡಂ ಲೆಕ್ಕದ ಮೇಲೆ ಲೆಕ್ಕ ಹಾಕಿ ಸೋತಿದ್ದಳು. ಕೊನೆಗೆ, ಗಾಳಿ ಏನು ಮಾಡುತ್ತಿದೆ ಅಂತ ಕಣ್ಣಲ್ಲೇ ನೋಡಿಬಿಡೋಣ ಅಂದಳು. ಉಣ್ಣೆ ದಾರವನ್ನು ಬೆರಳುದ್ದ ತುಂಡು ಮಾಡಿ, ಮಾಡಿನ ಹಿಂಭಾಗಕ್ಕೂ ಹಿಂದಿನ ಗಾಜಿಗೂ ಸಾಲಾಗಿ ಅಂಟಿಸಿ ಓಡಿಸುವುದು. ಗಾಳಿ ಸರಾಗ ಹರಿದರೆ ದಾರ ಹಿಂದಕ್ಕೆ ನೇರ ಮಲಗುತ್ತದೆ, ಇಲ್ಲದಿದ್ದರೆ ಒದ್ದಾಡುತ್ತದೆ. ದಾರ ಕೊಟ್ಟವಳು ತಂಗಿ. ಕೆಂಪು ಉಣ್ಣೆ. ಅಣ್ಣನಿಗೆ ಅಂತ ಅರ್ಧ ಹೆಣೆದ ಸ್ವೆಟರನ್ನು ಬಿಚ್ಚಿ ಕೊಟ್ಟಿದ್ದಳು. “ಇವರ ಮೇಲಿನ ಮಾತು ಹೋಗಲಿ ಅಣ್ಣ, ಸ್ವೆಟರ್ ಇನ್ನೊಂದು ಹೆಣೆಯೋಣ,” ಅಂದಳು.

ಮೊದಲ ಸುತ್ತಿಗೆ ಕ್ಯಾಮೆರಾ ಕಟ್ಟಿ ನೋಡಿದರು. ಅದು ನಡುಗಿ ನಡುಗಿ ಬರೀ ಕೆಂಪು ಮಸುಕು ಹಿಡಿಯಿತು.

“ಒಳಗೆ ಒಬ್ಬರು ಹಿಂದಕ್ಕೆ ತಿರುಗಿ ಕೂತು ನೋಡಬೇಕು,” ಅಂದಳು ಮೇಡಂ. “ಮೇಸ್ತ್ರಿ, ನೀವೇ ಕೂತ್ಕೊಳ್ಳಿ. ನಿಮ್ಮಷ್ಟು ಚುರುಕು ಕಣ್ಣು ಇಲ್ಲಿ ಯಾರಿಗೂ ಇಲ್ಲ.”

ಮೇಸ್ತ್ರಿ ಗಾಡಿ ಹತ್ತಿದ. ಡ್ರೈವರಿನ ಪಕ್ಕದ ಸೀಟಿನಲ್ಲಿ ಮೊಣಕಾಲೂರಿ ಹಿಂದಕ್ಕೆ ಮುಖ ಮಾಡಿ ಕೂತ. ಗಾಡಿ ಹೊರಟಿತು. ಮೊದಮೊದಲು ಕೆಂಪು ದಾರಗಳು ಜೋಲು ಬಿದ್ದಿದ್ದವು, ಆಮೇಲೆ ಎದ್ದವು, ಆಮೇಲೆ ಗಾಜಿನ ಮೇಲಂಚಿನವು ಬಾಚಿದ ಕೂದಲಿನ ಹಾಗೆ ನೇರ ಮಲಗಿದವು. ಮಾಡು ಬಾಗುವ ಜಾಗದಿಂದ ಆಚೆಗೆ ಹಾಗಿರಲಿಲ್ಲ. ಎರಡೂ ಅಂಚಿನ ದಾರಗಳು ಒಳಕ್ಕೆ ತಿರುಗಿ, ಯಾರೋ ಕಾಣದ ಕೈಯಿಂದ ಜಡೆ ಹೆಣೆಯುತ್ತಿರುವ ಹಾಗೆ ಗಿರಗಿರ ಸುತ್ತುತ್ತಿದ್ದವು. ಮೇಡಂ ಗೋಡೆಯ ಮುಂದೆ ನಿಂತು ಹೇಳಿದ್ದನ್ನು ಗಾಳಿ ಒಂದಕ್ಷರ ಬಿಡದೆ ಮಾಡಿ ತೋರಿಸುತ್ತಿತ್ತು. ತನ್ನ ನೀರಿನ ಹನಿಯಂಥ ಬೆನ್ನಿನ ಮೇಲೆ.

ಗಾಡಿಯ ಹಿಂಭಾಗ ಹಗುರಾಯಿತು. ಅದು ಅವನ ಹೊಟ್ಟೆಗೇ ಗೊತ್ತಾಯಿತು. ಮೆಟ್ಟಿಲು ಇದೆ ಅಂತ ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲದ ಹಾಗೆ. ಹೆದರಿ ಸೀಟು ಹಿಡಿದು ಕೆಳಗೆ ನೋಡಿದ. ತಂಗಿಯ ಗಂಡನ ಕಾಲು ಕಂಡಿತು. ಪೆಡಲ್ ನೆಲಕ್ಕೆ ಹತ್ತಿತ್ತು. ಹಿಮ್ಮಡಿ ನಡುಗುತ್ತಿತ್ತು, ಮೀನಖಂಡ ಕಲ್ಲಾಗಿತ್ತು, ಕಾಲು ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಪಟ್ಟಿ ಮುಗಿಯುವವರೆಗೂ.

ಗಾಡಿ ನಿಂತಿತು. ಡ್ರೈವರ್ ಎಂಜಿನ್ ಆರಿಸಿದ.

“ಭಾವ, ನಿಜ ಹೇಳಿ,” ಅಂದ ಅವನು, ಮುಂದೆ ನೋಡುತ್ತಲೇ. “ನಾನು ಕಾಲು ತೆಗೆದೆನಾ? ಒತ್ತೇ ಇದ್ದೀನಿ ಅಂತ ನನಗೆ ಅನ್ನಿಸುತ್ತೆ. ಆದರೆ ಈಗೀಗ ನನಗೇ ಗೊತ್ತಾಗಲ್ಲ.”

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಮೇಸ್ತ್ರಿಗೆ. ಹೌದು ಇಲ್ಲ ಎರಡರಲ್ಲಿ ಒಂದು ಹೇಳಿದ್ದರೆ ಆಗುತ್ತಿತ್ತು. ಅವನು ಹೇಳಿದ್ದು: “ನಾನು ಹಿಂದೆ ನೋಡ್ತಿದ್ದೆ.”

ಮೇಡಂ ಓಡಿ ಬಂದಳು. “ದಾರ ಹೇಗಿತ್ತು ಮೇಸ್ತ್ರಿ?”

“ಬಿಸಿಲು ಕಣ್ಣಿಗೆ ಹೊಡೀತು. ಏನೂ ಕಾಣಿಸಲಿಲ್ಲ.”

ಅವಳ ಮುಖ ಸಣ್ಣದಾಯಿತು. “ಬಿಡಿ. ನನ್ನ ಲೆಕ್ಕವೇ ತಪ್ಪಿರಬೇಕು.” ಯಜಮಾನರಿಗೆ ತಾಳ್ಮೆ ಮುಗಿದಿತ್ತು. ಲೆಕ್ಕವೋ ಕಾಲೋ ಎನ್ನುವುದು ನನಗೆ ಬೇಡ, ಓಟಕ್ಕೆ ಹೊರಗಿನಿಂದ ಬೇರೆ ಡ್ರೈವರನ್ನು ಕರೆಸುತ್ತೇನೆ ಅಂದರು. ತಂಗಿಯ ಗಂಡ “ಸರಿ ಯಜಮಾನರೇ” ಅಂದ, ಅಷ್ಟೇ. ಮನೆಗೆ ಬರುವ ದಾರಿಯಲ್ಲಿ ಮೇಸ್ತ್ರಿಗೆ ಹೇಳಿದ: “ಬೇಜಾರು ಮಾಡ್ಕೋಬೇಡಿ ಭಾವ. ನನ್ನನ್ನ ಶೆಡ್ಡಿಗೆ ಸೇರಿಸಿದವರು ನೀವು, ನಿಮ್ಮ ಹೆಸರು ಕೆಡಿಸಿದೆ. ನೀವು ಹೇಳಿದ್ದೇ ನಿಜ ಇರಬೇಕು. ಭಯ ಇದ್ದವನಿಗೆ ತನ್ನ ಭಯ ಕಾಣಿಸಲ್ಲ ಅನ್ಸುತ್ತೆ.”

ಬೈದಿದ್ದರೆ ತಿರುಗಿ ಬೈಯುತ್ತಿದ್ದ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದ. ಕ್ಷಮೆ ಕೇಳಿದವನ ಮುಂದೆ ಏನು ಮಾಡುವುದು ಅಂತ ಮೇಸ್ತ್ರಿಗೆ ಯಾರೂ ಕಲಿಸಿರಲಿಲ್ಲ. ಮನೆ ಬಾಗಿಲಲ್ಲಿ ತಂಗಿ ನಿಂತಿದ್ದಳು. “ದಾರ ಏನು ಹೇಳ್ತು ಅಣ್ಣ?” ಅಂತ ಆಸೆಯಿಂದ ಕೇಳಿದಳು. ಅವನು ಮೆಟ್ಟಿಲು ಹತ್ತಿದ. ಅಂಗಿಯ ತೋಳಿಗೆ ಕೆಂಪು ಉಣ್ಣೆಯ ಒಂದು ಚೂರು ಅಂಟಿಕೊಂಡು ಬಂದಿತ್ತು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರೂ ಇದ್ದರು. ಡ್ರೈವರ್ ಹೆಲ್ಮೆಟ್ಟು, ಕೈಗವಸು ತಂದು ಯಜಮಾನರ ಮುಂದೆ ಇಡುತ್ತಿದ್ದ. ಮೇಡಂ ಗೋಡೆಯ ಕಾಗದವನ್ನು ಬಿಡಿಸುತ್ತಿದ್ದಳು. ಮೇಸ್ತ್ರಿ ತನ್ನ ಬೆಂಚಿನ ಹತ್ತಿರ ಹೋಗಿ ಬಗ್ಗಿ ಬೆಣೆಯನ್ನು ಹಿಡಿದು ಎಳೆದ. ಬೆಂಚು ವಾಲಿತು. ಮೇಲಿದ್ದ ಸುತ್ತಿಗೆ, ಅಡಿಗಲ್ಲು, ಕತ್ತರಿ ಎಲ್ಲ ಜಾರಿ ದಡಬಡ ನೆಲಕ್ಕೆ ಬಿದ್ದವು. ಎಲ್ಲರೂ ತಿರುಗಿ ನೋಡಿದರು. ಅವನು ಗೋಡೆಗೆ ಒರಗಿಸಿದ್ದ ಅಳತೆ ಹಲಗೆಯನ್ನು ತಂದು ನೆಲದ ಮೇಲೆ ಮಲಗಿಸಿ, ಬೆಣೆಯನ್ನು ಅದರ ಕೆಳಂಚಿಗೆ ಸೇರಿಸಿಟ್ಟ. ಗರಗಸದ ಗೆರೆ ಗೆರೆಗೆ ಕೂಡಿತು.

“ನಾನೇ ಕೊಯ್ದೆ,” ಅಂದ. ಧ್ವನಿ ಅವನದೇ ಅನ್ನಿಸಲಿಲ್ಲ. “ಅಚ್ಚೂ ನಾನೇ ಉಜ್ಜಿದೆ. ದಾರ ಕಾಣಿಸ್ತು ನನಗೆ. ಜಡೆ ಹೆಣೆದ ಹಾಗೆ ಸುತ್ತುತ್ತಿತ್ತು. ಇವನ ಕಾಲು… ಕಾಲು ಪೂರ್ತಿ ಕೆಳಗಿತ್ತು. ಅದೂ ಕಾಣಿಸ್ತು.”

ಆಮೇಲೆ, ಹಳೇ ಅಭ್ಯಾಸದಂತೆ, “ನೋಡ್ತಾ ಏನ್ ನಿಂತಿದ್ದೀರಿ ಎಲ್ಲಾ? ಏನಾದ್ರೂ ಬೈರಿ!” ಅಂತ ಕಿರುಚಿದ. ಪಾರಿವಾಳಗಳು ಎದ್ದು ಹೋದವು.

ಮೇಡಂ ಹಲಗೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಕೋನ ಅಳೆದಳು. “ಹನ್ನೆರಡಲ್ಲ, ಹದಿನೆಂಟು ಡಿಗ್ರಿ,” ಅಂದಳು. ಗೆದ್ದ ಖುಷಿ ಏನೂ ಇರಲಿಲ್ಲ ಮುಖದಲ್ಲಿ. “ನನಗೆ ಲೆಕ್ಕ ಬರಲ್ಲ, ಈ ಕೆಲಸ ಬಿಟ್ಟುಬಿಡ್ತೀನಿ ಅಂತ ನಿನ್ನೆ ಅಮ್ಮನಿಗೆ ಹೇಳಿದ್ದೆ ಮೇಸ್ತ್ರಿ.” ಅವಳು ಅಷ್ಟೇ ಹೇಳಿದ್ದು. ಯಜಮಾನರು ಬಹಳ ಹೇಳಿದರು; ಅದೆಲ್ಲ ಇಲ್ಲಿ ಬರೆಯುವ ಮಾತಲ್ಲ. ಕೊನೆಗೆ, “ನಿನ್ನನ್ನ ಕತ್ತು ಹಿಡಿದು ದಬ್ಬಬೇಕು. ದಬ್ಬಿದ್ರೆ ಈ ಮಾಡು ಬಡಿಯೋರು ಯಾರು? ಬಡಿ, ಅವಳು ಬರೆದ ಹಾಗೆ ಬಡಿ,” ಅಂದರು. ಡ್ರೈವರ್ ಹೆಲ್ಮೆಟ್ಟನ್ನು ಎತ್ತಿಕೊಂಡು ಅದರ ಮೊಳೆಗೆ ಮತ್ತೆ ತೂಗುಹಾಕಿದ.

ತಂಗಿಗೆ ಸುದ್ದಿ ಅವನಿಗಿಂತ ಮುಂಚೆ ಮುಟ್ಟಿತ್ತು. ಆ ದಿನ ಊಟದ ತಟ್ಟೆ ಕಬ್ಬಿಣದ ಮೆಟ್ಟಿಲ ಮೇಲೆ ಮುಚ್ಚಿಟ್ಟಿತ್ತು. ಕೆಳಗೆ ಕರೆಯಲಿಲ್ಲ. ಮರುದಿನವೂ ಹಾಗೇ.

ಮೇಸ್ತ್ರಿ ಹೊಸ ಅಚ್ಚು ಮಾಡಿದ, ಹೊಸ ತಗಡು ಬಡಿದ. ಪ್ರತಿ ಸಂಜೆ ಮೇಡಂಳನ್ನು ಕರೆದು ಹೊಸ ಹಲಗೆ ಇಡಿಸಿ ನೋಡಿಸಿದ. ಬೆಂಚು ಅಲ್ಲಾಡುತ್ತಿತ್ತು, ಅದರ ಕಾಲಡಿಗೆ ಬೇರೇನೂ ಇಡಲಿಲ್ಲ. ಒಮ್ಮೆ ಬೆಸುಗೆಯವನು ಮರೆತು, “ಅರ್ಧಪೆಡಲ್, ಆ ಪೈಪು ಇತ್ತ ಕೊಡು” ಅಂದ. ಮೊದಲಾಗಿದ್ದರೆ ಮೇಸ್ತ್ರಿ ಸುತ್ತಿಗೆ ಎಸೆಯುತ್ತಿದ್ದ. ಈಗ ಯಾರ ಮೇಲೆ ಎಸೆಯುವುದು? ತಲೆ ತಗ್ಗಿಸಿ ತಗಡು ಬಡಿದ.

ಮಾಡು ಮುಗಿದ ದಿನ ಪಟ್ಟಿಯ ಪಕ್ಕ ನೋಡಲು ಬಂದವರಲ್ಲಿ ಒಬ್ಬ ಕಾರಿನ ಹಿಂದೆ ನಿಂತು ನಗತೊಡಗಿದ. “ಇದನ್ನ ಬಡಿದೋರು ಯಾರಪ್ಪಾ? ತಗಡು ಸಾಲಲಿಲ್ವಾ?”

“ನಾನೇ ಬಡಿದಿದ್ದು,” ಅಂದ ಮೇಸ್ತ್ರಿ. ಕೂಗಲಿಲ್ಲ.

ಕೆಂಪು ದಾರಗಳನ್ನು ಅವನೇ ಅಂಟಿಸಿದ. ಈ ಸಲ ಪಕ್ಕದ ಸೀಟಿನಲ್ಲಿ ಮೇಡಂ ತಿರುಗಿ ಕೂತಳು. ಗಾಡಿ ಕಣ್ಣಿಂದ ಮರೆಯಾಗುವಷ್ಟು ದೂರ ಹೋಯಿತು, ಆ ಕಡೆಯಿಂದ ತಿರುಗಿ ಬರುವಾಗ ಸದ್ದು ಬಂದು ಕಿವಿಗೆ ಬೀಳುವ ಹೊತ್ತಿಗೆ ಎದುರಿಗೇ ಹಾದುಹೋಯಿತು. ಯಜಮಾನರು ಟೋಪಿ ಎಸೆದರು. ಮೇಡಂ ಇಳಿದು ಎರಡೂ ಕೈ ನೇರ ಹಿಂದಕ್ಕೆ ಚಾಚಿ, ದಾರ ಹೀಗೆ ಮಲಗಿತ್ತು, ಹೀಗೆ, ಅಂತ ಎಲ್ಲರಿಗೂ ತೋರಿಸಿದಳು.

ಡ್ರೈವರ್ ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡು ಮೇಸ್ತ್ರಿಯ ಕಡೆಗೇ ನಡೆದು ಬಂದ. ಮೇಸ್ತ್ರಿ ಕೈಯಲ್ಲಿದ್ದ ಅಂಟುಪಟ್ಟಿಯ ಸುರುಳಿಯನ್ನು ಸುಮ್ಮನೆ ತಿರುಗಿಸುತ್ತಾ ನಿಂತ. ಒಂದು ಮಾತಿಗಾಗಿ ಕಾಯುತ್ತಿದ್ದ. ತಂಗಿಯ ಮದುವೆಯ ದಿನದಿಂದ ಕೇಳುತ್ತಾ ಬಂದಿದ್ದ ಮಾತು ಅದು.

“ಕೆಲಸ ಚೆನ್ನಾಗಿ ಬಂದಿದೆ ಮೇಸ್ತ್ರಿಗಳೇ,” ಅಂದ ಅವನು. “ಹಿಂದಿನ ಚಕ್ರ ನೆಲಕ್ಕೆ ಕಚ್ಚಿಕೊಂಡಿದೆ.”

ಹೇಳಿ, ಮುಖದಲ್ಲಿ ಸಿಟ್ಟೂ ಇಲ್ಲದೆ ನಗುವೂ ಇಲ್ಲದೆ, ನೀರು ಕುಡಿಯಲು ಹೋದ. ಮೇಸ್ತ್ರಿ “ಹೂಂ” ಅಂದ. ಆಮೇಲೆ ಗಾಡಿಯ ಹಿಂದೆ ಹೋಗಿ, ಯಾರಿಗೂ ಮುಖ ಕಾಣದ ಹಾಗೆ ಬಗ್ಗಿ, ತಂಗಿಯ ಉಣ್ಣೆಯ ಚೂರುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.